ಹೆಸರು ಮುಚ್ಚಿಟ್ಟು ಗೆದ್ದ ಹಾಡು

1965ನೇ ಇಸವಿ. ಕೆನಡಾದ ವಿನ್ನಿಪೆಗ್ ಅನ್ನೋ ಊರು. ಚಳಿಗಾಲದಲ್ಲಿ ಮೈನಸ್ ಮೂವತ್ತು ಡಿಗ್ರಿ ಅಂದರೆ ಅಲ್ಲಿಯ ಜನಕ್ಕೆ ಅದೊಂದು ಸುದ್ದಿಯೇ ಅಲ್ಲ. ಆ ಊರಿನ ಹುಡುಗರ ಒಂದು ತಂಡ, ಚಾಡ್ ಅಲನ್ ಎಂಬ ಹಾಡುಗಾರನ ತಂಡ, 'ಶೇಕಿನ್ ಆಲ್ ಓವರ್' ಎಂಬ ಬ್ರಿಟಿಷ್ ಹಾಡನ್ನು ತನ್ನದೇ ರೀತಿಯಲ್ಲಿ ಹಾಡಿ ರೆಕಾರ್ಡ್ ಮಾಡಿತು. ಹಾಡು ಚೆನ್ನಾಗಿತ್ತು. ಆದರೆ ರೆಕಾರ್ಡ್ ಕಂಪನಿಗೆ ಒಂದು ಚಿಂತೆ ಹತ್ತಿತು. ಇದು ಕೆನಡಾದ ತಂಡ ಅಂತ ಗೊತ್ತಾದರೆ ಕೆನಡಾದ ರೇಡಿಯೊಗಳೇ ಇದನ್ನು ಮುಟ್ಟೋದಿಲ್ಲವಲ್ಲ!

ಅವರು ಏನು ಮಾಡಿದರು ಗೊತ್ತಾ? ತಂಡದ ಹೆಸರನ್ನೇ ತೆಗೆದುಬಿಟ್ಟರು. ಬಿಳೀ ಲೇಬಲ್ ಮೇಲೆ 'ಗೆಸ್ ಹೂ?' ಅಂತ ಮಾತ್ರ ಅಚ್ಚು ಹಾಕಿಸಿದರು. ಅಂದರೆ, ಯಾರು ಹೇಳಿ ನೋಡೋಣ! ಆಗ ಬೀಟಲ್ಸ್ ಜ್ವರ ನೆತ್ತಿಗೇರಿದ್ದ ಕಾಲ. ಇದೂ ಯಾವುದೋ ಬ್ರಿಟಿಷ್ ತಂಡ ಇರಬೇಕು ಅಂದುಕೊಂಡು ರೇಡಿಯೊದವರು ಹಾಡನ್ನು ಹಾಕಿದ್ದೇ ಹಾಕಿದ್ದು. ಕೆನಡಾದಲ್ಲಿ ಅದು ನಂಬರ್ ಒನ್ ಆಯಿತು. ನಿಜ ಹೊರಬೀಳುವಷ್ಟರಲ್ಲಿ ಆ ಪ್ರಶ್ನೆಯೇ ತಂಡದ ಹೆಸರಾಗಿ ಅಂಟಿಕೊಂಡಿತ್ತು. ಮುಂದೆ 1970ರಲ್ಲಿ ಇದೇ 'ಗೆಸ್ ಹೂ' ತಂಡದ 'ಅಮೆರಿಕನ್ ವುಮನ್' ಹಾಡು ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ತುದಿಗೇರಿತು.

ನಗು ಬರುತ್ತೆ ಅಲ್ವಾ? ಆದರೆ ಒಂದು ಕ್ಷಣ ಯೋಚನೆ ಮಾಡಿ. ಸ್ವಂತ ದೇಶದ ಕಿವಿಗೆ ಬೀಳಬೇಕು ಅಂದರೆ ಸ್ವಂತ ಹೆಸರನ್ನು ಮುಚ್ಚಿಡಬೇಕು. ಇದಕ್ಕಿಂತ ದೊಡ್ಡ ಅವಮಾನ ಒಬ್ಬ ಕಲಾವಿದನಿಗೆ ಇನ್ನೇನಿದೆ?

ಹಿತ್ತಲ ಗಿಡ ಮದ್ದಲ್ಲ ಅಂತ ನಾವು ಗಾದೆ ಹೇಳ್ತೀವಲ್ಲ, ಕೆನಡಾದ ರೇಡಿಯೊ ಮಂದಿ ಅದನ್ನು ವ್ಯಾಪಾರದ ನಿಯಮವನ್ನಾಗಿ ಮಾಡಿಕೊಂಡಿದ್ದರು. ಅದಕ್ಕೂ ಕಾರಣವಿತ್ತು. ಆಗ ಕೆನಡಾದ ಜನಸಂಖ್ಯೆ ಸುಮಾರು 2 ಕೋಟಿ. ಪಕ್ಕದ ಅಮೆರಿಕದ್ದು ಹೆಚ್ಚುಕಡಿಮೆ ಅದರ ಹತ್ತು ಪಟ್ಟು. ಭಾಷೆ ಬಹುತೇಕ ಒಂದೇ. ಕೆನಡಾದ ಬಹುಪಾಲು ಜನ ವಾಸ ಮಾಡೋದೇ ಗಡಿಯ ಪಕ್ಕದಲ್ಲಿ. ಅಮೆರಿಕದ ರೇಡಿಯೊ ಅಲೆಗಳಿಗೆ ಪಾಸ್‌ಪೋರ್ಟ್ ಬೇಕಾ, ವೀಸಾ ಬೇಕಾ? ಅಲ್ಲಿ ಗೆದ್ದ ಹಾಡನ್ನು ಇಲ್ಲಿ ಹಾಕಿದರೆ ಜಾಹೀರಾತು ಗ್ಯಾರಂಟಿ. ಊರಿನ ಹುಡುಗನ ಹಾಡು ಹಾಕೋದು ಅಂದರೆ ರಿಸ್ಕು.

ಹೀಗಾಗಿ ಪ್ರತಿಭೆ ಇದ್ದವರು ಗಂಟುಮೂಟೆ ಕಟ್ಟಿದರು. ನೀಲ್ ಯಂಗ್ 1966ರಲ್ಲಿ ಹೆಣ ಸಾಗಿಸುವ ಹಳೆಯ ಕಾರೊಂದನ್ನು ಓಡಿಸಿಕೊಂಡು ಲಾಸ್ ಏಂಜಲೀಸ್ ಸೇರಿದ. ಸಸ್ಕಾಚೆವನ್‌ನಲ್ಲಿ ಬೆಳೆದ ಜೋನಿ ಮಿಚೆಲ್ ಗಡಿ ದಾಟಿದಳು. ಮಾಂಟ್ರಿಯಲ್‌ನ ಕವಿ ಲಿಯೊನಾರ್ಡ್ ಕೋಹೆನ್ ನ್ಯೂಯಾರ್ಕಿಗೆ ಹೋದ. ಅಮೆರಿಕ ಇವರನ್ನು ಹೊತ್ತು ಮೆರೆಸಿದ ಮೇಲೆ ಕೆನಡಾ 'ಇವರು ನಮ್ಮವರು' ಅಂತು!

ಇದನ್ನು ನೋಡುತ್ತಾ ಸುಮ್ಮನೆ ಕೂರದ ಇಬ್ಬರು ಟೊರೊಂಟೊದಲ್ಲಿದ್ದರು. ಒಬ್ಬ ವಾಲ್ಟ್ ಗ್ರೀಲಿಸ್. ಹಿಂದೆ ಪೊಲೀಸ್ ಕೆಲಸದಲ್ಲಿದ್ದವನು. ಇನ್ನೊಬ್ಬ ಅವನ ಗೆಳೆಯ ಸ್ಟಾನ್ ಕ್ಲೀಸ್. ಗ್ರೀಲಿಸ್ 1964ರ ಫೆಬ್ರವರಿಯಲ್ಲಿ 'ಆರ್‌ಪಿಎಂ' ಎಂಬ ಸಣ್ಣ ವಾರಪತ್ರಿಕೆ ಶುರು ಮಾಡಿದ. ಕೆನಡಾದಲ್ಲಿ ಯಾರು ಹಾಡ್ತಿದ್ದಾರೆ, ಯಾವ ಹಾಡು ಬಂದಿದೆ ಅನ್ನೋದನ್ನು ವಾರ ವಾರವೂ ಬರೆದ. ಓದುಗರಿಂದ ವೋಟು ಹಾಕಿಸಿ ಪ್ರಶಸ್ತಿ ಕೊಟ್ಟ. ರೇಡಿಯೊಗಳು ತಾವಾಗಿಯೇ ಬದಲಾಗೋದಿಲ್ಲ, ಕಾನೂನೇ ಬರಬೇಕು ಅಂತ ಪಟ್ಟು ಹಿಡಿದ. ಈ ಪತ್ರಿಕೆ 2000ನೇ ಇಸವಿಯವರೆಗೂ ನಡೆಯಿತು ಅಂದರೆ ಆ ಹಟ ಎಂಥದ್ದು ನೋಡಿ.

ಕಾನೂನು ಬಂತು. 1968ರಲ್ಲಿ ಹುಟ್ಟಿದ ಪ್ರಸಾರ ನಿಯಂತ್ರಣ ಆಯೋಗ, ಅಂದರೆ ಸಿಆರ್‌ಟಿಸಿ. ಅದರ ಮೊದಲ ಅಧ್ಯಕ್ಷ ಪಿಯರ್ ಜುನೋ. 1970ರಲ್ಲಿ ಈ ಮನುಷ್ಯ, ಎಎಂ ರೇಡಿಯೊಗಳು ಬೆಳಗ್ಗೆ 6ರಿಂದ ಮಧ್ಯರಾತ್ರಿಯವರೆಗೆ ಹಾಕುವ ಹಾಡುಗಳಲ್ಲಿ ಶೇಕಡಾ 30ರಷ್ಟು ಕೆನಡಾದ್ದೇ ಇರಬೇಕು ಅಂದುಬಿಟ್ಟ. ರೇಡಿಯೊ ಮಾಲೀಕರು ಕೆಂಡವಾದರು. ಅಷ್ಟು ಹಾಡು ನಮ್ಮ ದೇಶದಲ್ಲಿ ಎಲ್ಲಿದೆ, ಒಳ್ಳೇದಿದ್ದರೆ ನಾವೇ ಹಾಕ್ತಿರಲಿಲ್ವಾ, ಕೇಳುಗರು ಓಡಿಹೋಗ್ತಾರೆ ಅಂತ ವಾದಿಸಿದರು. ಜುನೋ ಜಗ್ಗಲಿಲ್ಲ. 1971ರ ಜನವರಿ 18ರಂದು ನಿಯಮ ಜಾರಿಗೆ ಬಂತು. ಗ್ರೀಲಿಸ್‌ನ ಪ್ರಶಸ್ತಿಗೆ ಅದೇ ವರ್ಷ 'ಜುನೋ' ಅಂತ ಹೆಸರಾಯಿತು. ಕೆನಡಾದ ಅತಿ ದೊಡ್ಡ ಸಂಗೀತ ಪ್ರಶಸ್ತಿ ಇವತ್ತಿಗೂ ಒಬ್ಬ ಅಧಿಕಾರಿಯ ನೆನಪಿನ ಹೆಸರಲ್ಲಿದೆ!

ಸರಿ, ಕೆನಡಾದ ಹಾಡು ಅಂತ ಗುರುತಿಸೋದು ಹೇಗೆ? ಅದಕ್ಕೆ ಕ್ಲೀಸ್ ಒಂದು ಸೂತ್ರ ಕೊಟ್ಟ. ಸಂಗೀತ ಸಂಯೋಜನೆ, ಕಲಾವಿದ, ಧ್ವನಿಮುದ್ರಣ, ಸಾಹಿತ್ಯ. ಈ ನಾಲ್ಕರಲ್ಲಿ ಎರಡು ಕೆನಡಾದ್ದಾದರೆ ಸಾಕು. ಇಂಗ್ಲಿಷಿನಲ್ಲಿ ಈ ನಾಲ್ಕರ ಮೊದಲ ಅಕ್ಷರ ಸೇರಿಸಿದರೆ 'ಮೇಪಲ್' ಅಂತ ಓದಬಹುದು. ಅವರ ಬಾವುಟದ ಮೇಲಿರೋ ಎಲೆಯ ಹೆಸರು.

ಚಾಪೆ ಕೆಳಗೆ ತೂರುವವನಿಗೆ ರಂಗೋಲಿ ಕೆಳಗೆ ತೂರುವವರು ಎಲ್ಲ ಕಡೆ ಇರ್ತಾರೆ. ಕೆಲವು ಸ್ಟೇಷನ್‌ಗಳು ಕೆನಡಾದ ಹಾಡುಗಳನ್ನೆಲ್ಲ ಗುಡ್ಡೆ ಹಾಕಿ, ಯಾರೂ ಕೇಳದ ಬೆಳಗಿನ ಜಾವಕ್ಕೂ ರಾತ್ರಿಯ ಕೊನೆಗೂ ತಳ್ಳಿದವು. ಜನ ಅದಕ್ಕೆ 'ಬೀವರ್ ಅವರ್' ಅಂತ ಅಡ್ಡಹೆಸರಿಟ್ಟರು. ಬೀವರ್ ಅಂದರೆ ಕೆನಡಾದ ರಾಷ್ಟ್ರಪ್ರಾಣಿ. ರಾಷ್ಟ್ರಪ್ರಾಣಿಗೆ ನಿದ್ದೆಗೆಟ್ಟ ಪಾಳಿ! ಇನ್ನು ಗಡಿ ಊರು ವಿಂಡ್ಸರ್‌ನ ಸಿಕೆಎಲ್‌ಡಬ್ಲ್ಯು ಎಂಬ 50,000 ವಾಟ್‌ನ ಸ್ಟೇಷನ್‌ಗೆ ನಿಜವಾದ ಸಂಕಟವೇ ಬಂತು. ಅದರ ಮುಖ್ಯ ಕೇಳುಗರು ನದಿಯಾಚೆಯ ಡೆಟ್ರಾಯಿಟ್‌ನವರು. ನಿಯಮ ಇವರಿಗೆ ಮಾತ್ರ, ಎದುರಿನ ಅಮೆರಿಕದ ಸ್ಟೇಷನ್‌ಗಿಲ್ಲ.

ಕಾನೂನು ಕಣ್ಣುಮುಚ್ಚಿ ನಡೆದರೆ ಎಡವುತ್ತೆ ಅನ್ನೋದಕ್ಕೂ ಸಾಕ್ಷಿ ಇದೆ. 1991ರಲ್ಲಿ ಬ್ರಯಾನ್ ಆಡಮ್ಸ್‌ನ ಹಾಡು ಜಗತ್ತನ್ನೇ ಆಳುತ್ತಿತ್ತು. ಬ್ರಿಟನ್ನಿನಲ್ಲಿ ಸತತ 16 ವಾರ ನಂಬರ್ ಒನ್. ಆದರೆ ಕೆನಡಾದ ಲೆಕ್ಕದಲ್ಲಿ ಆತ ಕೆನಡಾದವನೇ ಅಲ್ಲ! ಯಾಕೆ? ವಿದೇಶಿ ನಿರ್ಮಾಪಕನ ಜೊತೆ ಸೇರಿ ಹಾಡು ಬರೆದಿದ್ದ, ಸೂತ್ರದಲ್ಲಿ ಎರಡು ಅಂಕ ಸಿಗಲಿಲ್ಲ. ಗಲಾಟೆಯಾಗಿ 1993ರಲ್ಲಿ ನಿಯಮ ತಿದ್ದಿದರು.

ಇದಕ್ಕೆ ತದ್ವಿರುದ್ಧ ಸ್ಟಾಂಪಿನ್ ಟಾಮ್ ಕಾನರ್ಸ್. ಆಲೂಗಡ್ಡೆ, ಐಸ್ ಹಾಕಿ, ಗಣಿ ಕೆಲಸ, ಸಣ್ಣ ಊರುಗಳು... ಬರೀ ತನ್ನ ನೆಲದ್ದನ್ನೇ ಹಾಡಿದವನು. ಸ್ವಂತ ಲೇಬಲ್ ಕಟ್ಟಿದವನು. ಅಮೆರಿಕದಲ್ಲಿ ಮನೆ ಮಾಡಿಕೊಂಡವರಿಗೆಲ್ಲ ಜುನೋ ಕೊಡ್ತೀರಲ್ಲ ಅಂತ ಸಿಟ್ಟಾಗಿ, 1978ರಲ್ಲಿ ತನ್ನ ಆರು ಪ್ರಶಸ್ತಿಗಳನ್ನೂ ವಾಪಸ್ ಕಳಿಸಿಬಿಟ್ಟ.

ಹಾಗಾದರೆ ಆ ಕಾನೂನು ಸೋತಿತಾ? ಇಲ್ಲ. ರೇಡಿಯೊಗೆ ಹಾಡು ಬೇಕೇ ಬೇಕಾಯಿತು. ಹಾಡು ಬೇಕಾದರೆ ಸ್ಟುಡಿಯೊ ಬೇಕು, ಎಂಜಿನಿಯರ್ ಬೇಕು, ನುಡಿಸುವವರು ಬೇಕು, ಮ್ಯಾನೇಜರ್ ಬೇಕು. ಇವೆಲ್ಲ ಊರಲ್ಲೇ ಹುಟ್ಟಿಕೊಂಡವು. ಹಾಡಿ ಬದುಕೋದಕ್ಕೆ ಮನೆ ಬಿಟ್ಟು ಓಡಲೇಬೇಕು ಅನ್ನೋ ಸ್ಥಿತಿ ತಪ್ಪಿತು. ಜನಪ್ರಿಯ ಸಂಗೀತದ ಪಾಲು ಮುಂದೆ ಶೇಕಡಾ 35ಕ್ಕೆ ಏರಿತು. 1982ರಲ್ಲಿ 'ಫ್ಯಾಕ್ಟರ್' ಎಂಬ ನಿಧಿ ಶುರುವಾಯಿತು. ಅದನ್ನು ಹುಟ್ಟುಹಾಕಿದವರಲ್ಲಿ ಪ್ರಸಾರ ಕಂಪನಿಗಳೂ ಇದ್ದವು. ಹನ್ನೆರಡು ವರ್ಷದ ಹಿಂದೆ ಹಾಡೆಲ್ಲಿದೆ ಅಂತ ಕೇಳಿದ ಉದ್ಯಮವೇ ಈಗ ಹಾಡು ಮಾಡಿಸೋದಕ್ಕೆ ದುಡ್ಡು ಕೊಟ್ಟಿತು!

ಆದರೆ ಕಾನೂನು ಸಹಾಯ ಮಾಡೋದು ಡಿಸ್ಕ್ ಇರುವವನಿಗೆ. ಡಿಸ್ಕೇ ಇಲ್ಲದವನ ಕತೆ? ಅಲ್ಲೇ ನೋಡಿ ಸ್ವತಂತ್ರ ಕಲಾವಿದರ ಅಧ್ಯಾಯ ತೆರೆಯೋದು. ಲೊರೀನಾ ಮೆಕೆನಿಟ್ ಎಂಬ ಹೆಣ್ಣುಮಗಳು 1985ರಲ್ಲಿ ತನ್ನದೇ 'ಕ್ವಿನ್ಲನ್ ರೋಡ್' ಲೇಬಲ್ ಶುರು ಮಾಡಿದಳು. ಟೊರೊಂಟೊದ ಸೇಂಟ್ ಲಾರೆನ್ಸ್ ಮಾರುಕಟ್ಟೆಯಲ್ಲಿ ಹಾರ್ಪ್ ನುಡಿಸುತ್ತಾ ನಿಂತು, ಕ್ಯಾಸೆಟ್ ಮಾರಿದಳು. ಇವತ್ತು ಅವಳ ಆಲ್ಬಂಗಳ ಮಾರಾಟ ಒಂದು ಕೋಟಿ ಪ್ರತಿಗಳನ್ನು ದಾಟಿದೆ. 1991ರಲ್ಲಿ 'ಬೇರ್‌ನೇಕೆಡ್ ಲೇಡೀಸ್' ಎಂಬ ಹುಡುಗರ ತಂಡ ಐದೇ ಹಾಡಿನ ಹಳದಿ ಕ್ಯಾಸೆಟ್ ತಂದಿತು. ಹೆಸರು ಸರಿಯಿಲ್ಲ ಅಂತ ಟೊರೊಂಟೊ ನಗರಾಡಳಿತ ಹೊಸ ವರ್ಷದ ಕಾರ್ಯಕ್ರಮದಿಂದ ಅವರನ್ನು ಕೈಬಿಟ್ಟಿತು. ಜನ ಕೈಬಿಡಲಿಲ್ಲ. ದೊಡ್ಡ ಕಂಪನಿಯ ಹಂಗಿಲ್ಲದೆ ಕೆನಡಾದಲ್ಲಿ ಪ್ಲಾಟಿನಂ ಮುಟ್ಟಿದ ಮೊದಲ ಕ್ಯಾಸೆಟ್ ಅದು.

ಇವರ ಬೆನ್ನಿಗೆ ನಿಂತವರು ಯಾರು? ಕಾಲೇಜು ಕ್ಯಾಂಪಸ್ಸುಗಳ ಪುಟ್ಟ ರೇಡಿಯೊಗಳು. ಸಂಬಳವಿಲ್ಲದೆ ಮೈಕ್ ಮುಂದೆ ಕೂತ ವಿದ್ಯಾರ್ಥಿಗಳು. 1984ರಿಂದ 2007ರವರೆಗೆ ಸಿಬಿಸಿಯಲ್ಲಿ ನಡುರಾತ್ರಿ ಬರುತ್ತಿದ್ದ 'ಬ್ರೇವ್ ನ್ಯೂ ವೇವ್ಸ್' ಕಾರ್ಯಕ್ರಮ. ತಮಾಷೆ ನೋಡಿ, ಒಬ್ಬರು ಹಾಡನ್ನು ರಾತ್ರಿಗೆ ತಳ್ಳಿದ್ದು ಹೂತುಹಾಕೋದಕ್ಕೆ. ಇನ್ನೊಬ್ಬರು ಅದೇ ರಾತ್ರಿಯಲ್ಲಿ ಹಾಡನ್ನು ಬಿತ್ತಿದರು. ಆ ಬೆಳೆ ಎಂಥದ್ದು ಅಂದರೆ, 2011ರಲ್ಲಿ ಮಾಂಟ್ರಿಯಲ್‌ನ 'ಆರ್ಕೇಡ್ ಫೈರ್' ಸ್ವತಂತ್ರ ಲೇಬಲ್‌ನ ಆಲ್ಬಂ ಹಿಡಿದುಕೊಂಡು ಹೋಗಿ ಗ್ರ್ಯಾಮಿಯ 'ವರ್ಷದ ಆಲ್ಬಂ' ಗೆದ್ದು ಬಂತು.

ಈಗ ರೇಡಿಯೊ ಜಾಗಕ್ಕೆ ಮೊಬೈಲ್ ಬಂದಿದೆ. ಯಾವ ಹಾಡು ಕೇಳಬೇಕು ಅಂತ ಅಲ್ಗಾರಿದಂ ತೀರ್ಮಾನ ಮಾಡುತ್ತೆ. ಕೆನಡಾ 2023ರಲ್ಲಿ ಆನ್‌ಲೈನ್ ಸ್ಟ್ರೀಮಿಂಗ್ ಕಾಯ್ದೆ ತಂದಿತು. 2024ರಲ್ಲಿ ಆಯೋಗ, ದೊಡ್ಡ ಸ್ಟ್ರೀಮಿಂಗ್ ಕಂಪನಿಗಳು ಅಲ್ಲಿ ಗಳಿಸಿದ್ದರಲ್ಲಿ ಶೇಕಡಾ 5ನ್ನು ಕೆನಡಾದ ಪ್ರಸಾರ ಮತ್ತು ಕಲೆಗೆ ಕೊಡಬೇಕು ಅಂತು. ಕಂಪನಿಗಳು ಕೋರ್ಟಿಗೆ ಹೋದವು. 1970ರ ಜಗಳವೇ, ವೇಷ ಮಾತ್ರ ಬೇರೆ.

ಇಷ್ಟೆಲ್ಲ ಯಾಕೆ ಬೇಕು ಅಂತ ಕೇಳುವವರಿಗೆ ಕೊನೆಯದಾಗಿ ಒಂದು ಹೆಸರು ಹೇಳ್ತೀನಿ. ಜೆರೆಮಿ ಡಚರ್. ನ್ಯೂ ಬ್ರನ್ಸ್‌ವಿಕ್‌ನ ವೊಲಾಸ್ಟೊಕೆ ಎಂಬ ಮೂಲನಿವಾಸಿ ಸಮುದಾಯದ ಹುಡುಗ. ಅವನ ಭಾಷೆಯನ್ನು ಮಾತಾಡುವವರು ಈಗ ಕೆಲವೇ ಕೆಲವರು. ನೂರು ವರ್ಷಕ್ಕೂ ಹಿಂದೆ ಅವನ ಪೂರ್ವಜರು ಮೇಣದ ಸಿಲಿಂಡರ್‌ಗಳಿಗೆ ಹಾಡಿದ್ದ ಹಾಡುಗಳು ಮ್ಯೂಸಿಯಂನಲ್ಲಿ ಮಲಗಿದ್ದವು. ಅಲ್ಲಿ ಕೂತು ಕೇಳಿದ, ಕಲಿತ, ಪಿಯಾನೊ ಜೊತೆ ತಾನೂ ಹಾಡಿದ. ಮಾರಾಟ ನೋಡದೆ, ಕಂಪನಿ ನೋಡದೆ, ಕಲೆಯನ್ನು ಮಾತ್ರ ನೋಡಿ ಕೊಡುವ 'ಪೊಲಾರಿಸ್' ಎಂಬ ಬಹುಮಾನ 2006ರಿಂದ ಅಲ್ಲಿದೆ. 2018ರಲ್ಲಿ ಅದು ಇವನಿಗೆ ಬಂತು. 2024ರಲ್ಲಿ ಮತ್ತೆ ಬಂತು. ಅದನ್ನು ಎರಡು ಸಲ ಗೆದ್ದ ಮೊದಲಿಗ ಇವನೇ.

ಒಂದು ಕಾಲಕ್ಕೆ ತಂಡದ ಹೆಸರು ಮುಚ್ಚಿಟ್ಟರೆ ಮಾತ್ರ ಹಾಡು ಕೇಳಿಸಿಕೊಂಡ ದೇಶ ಅದು. ಇವತ್ತು ತನ್ನ ನೆಲದ ಒಂದು ಪುಟ್ಟ ಭಾಷೆಯ ಹಾಡಿಗೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತೆ. ನಡುವೆ ಕಳೆದದ್ದು ಐವತ್ತು ಚಿಲ್ಲರೆ ವರ್ಷ. ಕಾನೂನು ಬಾಗಿಲು ತೆಗೆಸಿತು, ನಿಜ. ಆದರೆ ಆ ಬಾಗಿಲು ಮತ್ತೆ ಮುಚ್ಚದಂತೆ ಕಾಲು ಅಡ್ಡ ಇಟ್ಟು ನಿಂತವರು ಒಂದು ಸಣ್ಣ ಪತ್ರಿಕೆಯವರು, ನಿದ್ದೆಗೆಟ್ಟ ಹುಡುಗರು, ಮತ್ತೆ ಮಾರುಕಟ್ಟೆಯಲ್ಲಿ ನಿಂತು ಕೇಳಿ, ಕಿಸೆಗೆ ಕೈ ಹಾಕಿ ಒಂದು ಕ್ಯಾಸೆಟ್ ಕೊಂಡ ಆ ಹೆಸರಿಲ್ಲದ ಕೇಳುಗರು.