ಸೋದರನಿಗೆ ಬರೆದ ಯುದ್ಧಪತ್ರಗಳ ಪ್ರಾಮಾಣ್ಯ

ಪ್ರಥಮ ಮಹಾಯುದ್ಧದಲ್ಲಿ ಫ್ರಾನ್ಸ್ ದೇಶದ ರಣರಂಗದಲ್ಲಿದ್ದ ಭಾರತೀಯ ಸೈನಿಕರು ಊರಿನ ಅಣ್ಣತಮ್ಮಂದಿರಿಗೆ ಬರೆದ ಪತ್ರಗಳನ್ನು ಇತಿಹಾಸಕ್ಕೆ ಪ್ರಮಾಣವಾಗಿ ಗ್ರಹಿಸಬಹುದೆ? ಗ್ರಹಿಸುವುದಾದರೆ ಯಾವ ಅಂಶದಲ್ಲಿ? ಇದೇ ಈ ಲೇಖನದ ವಿಚಾರ.

೧೯೧೪ನೆಯ ಸೆಪ್ಟೆಂಬರ್ ತಿಂಗಳ ಕೊನೆಯಲ್ಲಿ ಭಾರತೀಯ ಸೇನೆಯ ಮೊದಲ ಪಡೆಗಳು ಮಾರ್ಸೇಲ್ಸ್ ರೇವಿನಲ್ಲಿ ಇಳಿದುವು. ೧೯೧೫ನೆಯ ಮಾರ್ಚ್ ೧೦ರಿಂದ ೧೩ರವರೆಗೆ ನಡೆದ ನವ್ ಶಾಪೆಲ್ ಕಾಳಗವೊಂದರಲ್ಲಿಯೇ ಹತರೂ ಗಾಯಾಳುಗಳೂ ಕಾಣೆಯಾದವರೂ ಸೇರಿ ಭಾರತೀಯ ದಳಕ್ಕಾದ ಹಾನಿಯು ೪,೦೦೦ವನ್ನು ಮೀರಿತು. ಆ ವರ್ಷದ ಕೊನೆಗೆ ಕಾಲಾಳುಗಳನ್ನು ಮೆಸೊಪೊಟೇಮಿಯಾ ರಂಗಕ್ಕೆ ಸಾಗಿಸಿದರು.

ಇವರಲ್ಲಿ ಬಹುಮಂದಿ ನಿರಕ್ಷರರು. ಒಬ್ಬನು ಹೇಳಿದುದನ್ನು ಅಕ್ಷರ ಬಲ್ಲ ಮತ್ತೊಬ್ಬನು ಉರ್ದು, ಗುರುಮುಖಿ, ಹಿಂದಿ ಮೊದಲಾದುವುಗಳಲ್ಲಿ ಬರೆದುಕೊಡುತ್ತಿದ್ದನು. ಹಾಗೆ ಬರೆದುದನ್ನು ಪತ್ರಪರೀಕ್ಷಕರ ಕಚೇರಿಯು ಓದುತ್ತಿದ್ದಿತು. ಇ. ಬಿ. ಹೋವೆಲ್ ಎಂಬ ಅಧಿಕಾರಿಗಳು ಆಯ್ದ ಭಾಗಗಳ ಇಂಗ್ಲಿಷ್ ಭಾಷಾಂತರವನ್ನು ತಮ್ಮ ವರದಿಗಳೊಡನೆ ಮೇಲಕ್ಕೆ ಕಳುಹಿಸುತ್ತಿದ್ದರು. ಲಂಡನ್ನಿನ ಬ್ರಿಟಿಷ್ ಗ್ರಂಥಾಲಯದಲ್ಲಿ ಉಳಿದಿರುವುವು ಈ ಭಾಷಾಂತರಗಳೇ. ಮೂಲಪತ್ರಗಳು ಬಹುಮಟ್ಟಿಗೆ ನಷ್ಟವಾಗಿವೆ. ಇವುಗಳಿಂದ ಆಯ್ದ ಸಂಕಲನವೊಂದನ್ನು ಡೇವಿಡ್ ಒಮಿಸ್ಸಿ ಎಂಬ ವಿದ್ವಾಂಸರು ೧೯೯೯ರಲ್ಲಿ ಪ್ರಕಟಿಸಿದರು.

ಇಲ್ಲಿ ನಮ್ಮ ಅಲಂಕಾರಶಾಸ್ತ್ರವು ನೆರವಾಗುತ್ತದೆ. ಅರ್ಥವು ವ್ಯಂಜಕವಾಗುವುದಕ್ಕೆ ಕಾರಣವಾದ ವಿಶೇಷಗಳನ್ನು ಮಮ್ಮಟನು ಕಾವ್ಯಪ್ರಕಾಶದ ತೃತೀಯೋಲ್ಲಾಸದಲ್ಲಿ ಎಣಿಸುವಾಗ, ಹೇಳುವವನು, ಕೇಳುವವನು, ಕಾಕು, ದೇಶ, ಕಾಲ ಮೊದಲಾದುವುಗಳೊಡನೆ ‘ಅನ್ಯಸನ್ನಿಧಿ’ಯನ್ನೂ ಹೇಳಿರುವನು. ಮೂರನೆಯವನೊಬ್ಬನು ಸಮೀಪದಲ್ಲಿರುವಾಗ ಆಡಿದ ಮಾತು ಅವನಿಗೊಂದು, ಉದ್ದೇಶಿಸಿದವನಿಗೊಂದು ಅರ್ಥವನ್ನು ಕೊಡುವುದು. ಪತ್ರಪರೀಕ್ಷಕನೇ ಈ ಪತ್ರಗಳ ಅನ್ಯಸನ್ನಿಧಿ.

ಒಂದು ಉದಾಹರಣೆ. ಕರಿಮೆಣಸು ತೀರುತ್ತ ಬಂದಿದೆ, ಕೆಂಪು ಮೆಣಸಿನಕಾಯಿ ಇನ್ನೂ ಇದೆ ಎಂಬ ಭಾವದ ಮಾತುಗಳು ಆಗಿನ ಪತ್ರಗಳಲ್ಲಿ ದೊರೆಯುತ್ತವೆ. ವಾಚ್ಯಾರ್ಥವು ಅಡುಗೆಮನೆಯದು, ಉದ್ದಿಷ್ಟಾರ್ಥದಲ್ಲಿ ಕರಿಮೆಣಸೆಂದರೆ ಭಾರತೀಯ ಯೋಧರು, ಕೆಂಪು ಮೆಣಸಿನಕಾಯಿಯೆಂದರೆ ಬಿಳಿಯ ಯೋಧರು. ಇದು ಬಣ್ಣದ ಸಾಮ್ಯದಿಂದ ಸುಲಭವಾಗಿ ಬಿಡಿಸಬಹುದಾದ ಒಗಟು. ಪರೀಕ್ಷಕರೂ ಇದನ್ನು ಬಿಡಿಸಿದರು. ನಿಜವಾದ ವ್ಯಂಗ್ಯವು ಇದಕ್ಕಿಂತ ಸೂಕ್ಷ್ಮವಾದುದು. ಸೇನೆಗೆ ಸೇರಬೇಡವೆಂದು ಸೋದರನಿಗೆ ಬಾಯಿಬಿಟ್ಟು ಹೇಳಿದ ಪತ್ರಗಳೂ ಉಂಟು. ಆದರೆ ಹಾಗೆ ಹೇಳಲು ಅಂಜಿದವನು ‘ಇಲ್ಲಿ ಎಲ್ಲವೂ ಕ್ಷೇಮ’ವೆಂದು ಬರೆಯಿಸಿದ್ದರೆ, ಆ ಕ್ಷೇಮವು ಎಂತಹುದೆಂಬುದನ್ನು ಒಂದೇ ತೊಟ್ಟಿಲಲ್ಲಿ ಬೆಳೆದವನು ಮಾತ್ರ ಅರಿಯಬಲ್ಲನು. ಅವನೇ ಅಲ್ಲಿ ಸಹೃದಯ.

ಆದುದರಿಂದ ಕಾಳಗದ ವಿವರಗಳಿಗೆ ಈ ಪತ್ರಗಳು ದುರ್ಬಲ ಪ್ರಮಾಣ. ಸೈನಿಕನು ಮೂರನೆಯವನ ಎದುರಿಗೆ ಏನನ್ನು ಆಡಬಲ್ಲವನಾಗಿದ್ದನು, ಏನನ್ನು ಮರೆಸಬೇಕಾಯಿತು ಎಂಬುದಕ್ಕೆ ಪ್ರಬಲ ಪ್ರಮಾಣ. ಭಾಷಾಂತರದಲ್ಲಿ ವಾಚ್ಯವು ಉಳಿದು ಕಾಕುವು ಅಳಿದಿದೆಯೆಂಬುದನ್ನು ಸಂಶೋಧಕನು ಮರೆಯಲಾಗದು. ಭಾಷಾಂತರದ ಪದಗಳನ್ನೇ ಸೈನಿಕನ ಪದಗಳೆಂದು ಭಾವಿಸಿ ಅವನ ಮನಸ್ಸನ್ನು ಅಳೆಯುವುದು, ಮೂಲವಿಲ್ಲದೆ ಟೀಕೆಯನ್ನೇ ಕಾವ್ಯವೆಂದು ಓದಿದಂತೆ.

ಮೈಸೂರು ಸಂಸ್ಥಾನದ ಲ್ಯಾನ್ಸರ್ ಅಶ್ವದಳದವರು ಅದೇ ಯುದ್ಧದಲ್ಲಿ ಈಜಿಪ್ಟ್, ಪ್ಯಾಲೆಸ್ಟೈನ್ ರಂಗಗಳಲ್ಲಿ ಹೋರಾಡಿ, ೧೯೧೮ನೆಯ ಸೆಪ್ಟೆಂಬರ್ ೨೩ರಂದು ಹೈಫಾ ನಗರದ ವಿಜಯದಲ್ಲಿ ಭಾಗಿಗಳಾದುದು ವಾಚಕರಿಗೆ ವಿದಿತವೇ. ಆ ಮನೆತನಗಳ ಪೆಟ್ಟಿಗೆಗಳಲ್ಲಿ ಒಂದು ಕಾಗದವಾದರೂ ಉಳಿದಿದ್ದರೆ ಅದನ್ನು ಓಲೆಗರಿಯ ಕಟ್ಟಿನಷ್ಟೇ ಆದರದಿಂದ ಕಾಪಾಡತಕ್ಕದ್ದು. ಭಾಷಾಂತರದಲ್ಲಿ ಕಳೆದುಹೋದ ಮೂಲಶಬ್ದವು ಅಲ್ಲಿರುವುದು.