ಕರಿಕಲ್ಲಿನ ಮೇಲಿನ ಅಥಣಿ

ಅಥಣಿಯ ಚರಿತ್ರೆ ಹೇಳುವವರು ಸಾಮಾನ್ಯವಾಗಿ ಆದಿಲಶಾಹಿಯಿಂದ ಮಾತು ತೆಗೆಯುತ್ತಾರೆ. ವಿಜಾಪುರದಿಂದ ಗೋವೆಗೆ ಹೋಗುವ ಹೇರೆತ್ತುಗಳ ದಾರಿಯಲ್ಲಿ ಇದು ದೊಡ್ಡ ಪೇಟೆ. 17ನೇ ಶತಮಾನದ ಯುರೋಪಿಯನ್ನರ ಪ್ರವಾಸ ಬರಹಗಳಲ್ಲೂ ಇದರ ಹೆಸರಿದೆ. 1679ರಲ್ಲಿ ಮೊಗಲ್ ಸರದಾರ ದಿಲೇರಖಾನ ಊರನ್ನು ಸುಲಿದ. ಆಗ ಅವನ ಪಾಳೆಯದಲ್ಲೇ ಇದ್ದ ಸಂಭಾಜಿಗೆ ಅದು ಸರಿಬರಲಿಲ್ಲ. ಮೊಗಲರನ್ನು ಬಿಟ್ಟು ತಂದೆ ಶಿವಾಜಿಯ ಕಡೆ ತಿರುಗಿ ಹೋದ. ಆಮೇಲೆ ನದಿ ಇಂಗಳಗಾವಿಯಲ್ಲಿ ಹುಟ್ಟಿ ಗಚ್ಚಿನಮಠದಲ್ಲಿ ನೆಲೆನಿಂತ ಮುರುಘೇಂದ್ರ ಶಿವಯೋಗಿಗಳು, ಆಮೇಲೆ ಚಪ್ಪಲಿ, ಸಕ್ಕರೆ, ಒಣದ್ರಾಕ್ಷಿ. ಎಲ್ಲ ಕೂಡಿಸಿದರೂ ನಾಲ್ಕುನೂರು ವರ್ಷ ದಾಟುವುದು ಕಷ್ಟ. ಊರಿನ ಬುಡದಲ್ಲಿರುವ ಕಲ್ಲಿಗೆ ಮಾತ್ರ ಸುಮಾರು 6.6 ಕೋಟಿ ವರ್ಷ ವಯಸ್ಸು. ಆ ಕಲ್ಲೂ ಇಲ್ಲಿ ಹುಟ್ಟಿದ್ದಲ್ಲ, ವ್ಯಾಪಾರಿಗಳ ಹಾಗೆ ದೂರದಿಂದ ನಡೆದುಬಂದದ್ದು.

ಅದರ ಗುರುತು ಸಿಗುವುದು ಹಳೆಯ ತೆರೆದ ಬಾವಿಗಳಲ್ಲಿ. ಮೇಲೆ ಎರೆಮಣ್ಣು. ಅದರ ಅಡಿಯಲ್ಲಿ ಸುಣ್ಣಕಲ್ಲಿನ ಉಂಡೆ ಬೆರೆತ ಗರಸು. ಇನ್ನೂ ಕೆಳಗೆ ಸುತ್ತ ಸಿಪ್ಪೆ ಬಿಟ್ಟ ದುಂಡುಗಲ್ಲುಗಳು, ಆಮೇಲೆ ಸುರಂಗದ ಮದ್ದಿಗೆ ಮಾತ್ರ ಬಗ್ಗುವ ಕರಿಕಲ್ಲು. ಕೆಲವು ಕಡೆ ಕಲ್ಲಿನ ತುಂಬ ತೂತು, ತೂತಿನೊಳಗೆ ಬಿಳಿ ಹರಳು. ಲಾವಾ ಆರುವಾಗ ಅದರ ಮೇಲ್ಭಾಗದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಜಾಗ ಅದು. ಮುಂದೆ ನೀರು ಒಸರಿ ಅಲ್ಲಿ ಜಿಯೊಲೈಟ್ ಹರಳು ಕಟ್ಟಿತು. ಎರಡು ಕರಿಕಲ್ಲಿನ ನಡುವೆ ಅಲ್ಲಲ್ಲಿ ಒಂದು ಕೆಂಪು ಮಣ್ಣಿನ ಪಟ್ಟಿ. ಬಾವಿ ತೋಡುವವರಿಗೆ ಈ ಕೆಂಪು ಬೇಡ. ನೀರು ಕೊಡುವುದಿಲ್ಲ, ಬದಿ ಕುಸಿಯುತ್ತದೆ. ಚರಿತ್ರೆಗೆ ಅದರಷ್ಟು ಬೆಲೆಯುಳ್ಳ ಪದರ ಇನ್ನೊಂದಿಲ್ಲ. ಒಂದು ಲಾವಾ ಆರಿ, ಮಳೆ ಬಿಸಿಲಿಗೆ ಮಾಗಿ ಮಣ್ಣಾಗಿ, ಅದರ ಮೇಲೆ ಮುಂದಿನ ಲಾವಾ ಬರುವವರೆಗಿನ ಬಿಡುವು ಅಲ್ಲಿ ದಾಖಲಾಗಿದೆ.

ಜ್ವಾಲಾಮುಖಿಯೆಂದರೆ ಗುಡ್ಡ ಎಲ್ಲಿದೆ ಎಂದು ಕೇಳುವವರುಂಟು. ಗುಡ್ಡ ಇರಲಿಲ್ಲ. ನೆಲ ಉದ್ದಕ್ಕೆ ಬಿರುಕು ಬಿಟ್ಟು, ಆ ಬಿರುಕುಗಳಿಂದ ತೆಳು ಲಾವಾ ಉಕ್ಕಿ ಹರಡಿತು. ಬಿರುಕುಗಳ ಗುರುತುಗಳು ಪುಣೆ, ನಾಶಿಕ, ನರ್ಮದೆಯ ಕಡೆ ಇವೆ. ಲಾವಾದ ಮೇಲ್ಮೈ ಬೇಗ ಗಟ್ಟಿಯಾಗುತ್ತದೆ. ಕೆನೆಗಟ್ಟಿದ ಹಾಲು ಒಳಗೆ ಬಿಸಿಯಾಗಿಯೇ ಉಳಿಯುವ ಹಾಗೆ, ಆ ತೊಗಟೆಯ ಕೆಳಗೆ ಲಾವಾ ಕಾವು ಕಳೆದುಕೊಳ್ಳದೆ ನೂರಾರು ಕಿಲೋಮೀಟರ್ ಸಾಗುತ್ತದೆ. ಸವೆದು ಉಳಿದದ್ದೇ ಇಂದು ಸುಮಾರು 5 ಲಕ್ಷ ಚದರ ಕಿ.ಮೀ. ಸಹ್ಯಾದ್ರಿಯಲ್ಲಿ ಅದರ ದಪ್ಪ ಹೆಚ್ಚು, ಪೂರ್ವಕ್ಕೆ ಬಂದಂತೆ ತೆಳು. ಕೊಯ್ನಾದಲ್ಲಿ ಕೊರೆದಾಗ ಗ್ರಾನೈಟು ಹತ್ತಿದ್ದು 933 ಮೀಟರ್ ಆಳದಲ್ಲಿ. 1993ರ ಭೂಕಂಪದ ನಂತರ ಕಿಲ್ಲಾರಿಯಲ್ಲಿ ಕೊರೆದಾಗ 338 ಮೀಟರಿಗೇ ಕರಿಕಲ್ಲು ಮುಗಿಯಿತು.

ನೋಡಲು ಎಲ್ಲ ಒಂದೇ ಕರಿಕಲ್ಲು. ಬೇರೆ ಬೇರೆ ಎಂದು ತೋರಿಸಿಕೊಟ್ಟದ್ದು ರಸಾಯನಶಾಸ್ತ್ರ. 1985ರಲ್ಲಿ ಭೂವಿಜ್ಞಾನಿಗಳಾದ ಕಾಕ್ಸ್ ಮತ್ತು ಹಾಕ್ಸ್‌ವರ್ತ್ ಮಹಾಬಳೇಶ್ವರದ ಘಟ್ಟವನ್ನು ಬುಡದಿಂದ ತುದಿಯವರೆಗೆ ಅಳೆದು, ಟೈಟಾನಿಯಂ, ಬೇರಿಯಂ, ಸ್ಟ್ರಾಂಷಿಯಂ ಎಷ್ಟೆಷ್ಟು ಎಂದು ನೋಡಿ ಪದರಗಳನ್ನು ಬೇರ್ಪಡಿಸಿದರು. ಇಂಥ ಕೆಲಸಗಳಿಂದ ಹುಟ್ಟಿದ ಹೆಸರುಗಳನ್ನು ನೋಡಿ: ಪೋಲಾದಪುರ, ಅಂಬೆನಳಿ, ಮಹಾಬಳೇಶ್ವರ, ಪನ್ಹಾಳ, ದೇಸೂರು. ಕೊನೆಯದು ನಮ್ಮ ಬೆಳಗಾವಿಯ ಮಗ್ಗುಲ ಹಳ್ಳಿ. ಈ ಐದೂ ಸೇರಿ ವಾಯಿ ಉಪಗುಂಪು. ದಕ್ಷಿಣಕ್ಕೂ ಆಗ್ನೇಯಕ್ಕೂ ಹಬ್ಬಿ ನಮ್ಮ ಸೀಮೆಗೆ ಬಂದದ್ದು ಈ ಗುಂಪಿನ ಲಾವಾ.

ಸ್ಟ್ರಾಂಷಿಯಂ ಲೆಕ್ಕ ಸ್ವಲ್ಪ ಬಿಡಿಸಿ ಹೇಳಬೇಕು. ರುಬಿಡಿಯಂ-87 ಎಂಬ ಪರಮಾಣು ಬಹು ನಿಧಾನವಾಗಿ ಸ್ಟ್ರಾಂಷಿಯಂ-87 ಆಗುತ್ತದೆ. ಅರ್ಧದಷ್ಟು ಆಗಲು ಸುಮಾರು 4,900 ಕೋಟಿ ವರ್ಷ ಬೇಕು. ಖಂಡದ ಹಳೆಯ ಗ್ರಾನೈಟಿನಲ್ಲಿ ರುಬಿಡಿಯಂ ಹೆಚ್ಚು. ಹಾಗಾಗಿ ಇನ್ನೂರು ಮುನ್ನೂರು ಕೋಟಿ ವರ್ಷಗಳಲ್ಲಿ ಅಲ್ಲಿ ಸ್ಟ್ರಾಂಷಿಯಂ-87 ಕೂಡುತ್ತ ಹೋಗುತ್ತದೆ. ಭೂಮಿಯ ಒಳಗಿನ ಮ್ಯಾಂಟಲ್‌ನಲ್ಲಿ ಅದು ಅಷ್ಟಿಲ್ಲ. ಮೇಲೇರುವ ಲಾವಾ ದಾರಿಯಲ್ಲಿ ಎಷ್ಟು ಗ್ರಾನೈಟನ್ನು ಕರಗಿಸಿ ನುಂಗಿತು ಎಂಬುದನ್ನು ಸ್ಟ್ರಾಂಷಿಯಂ-87 ಮತ್ತು 86ರ ಅನುಪಾತ ಹೇಳಿಬಿಡುತ್ತದೆ. ಅಂಬೆನಳಿಯಲ್ಲಿ ಅದು 0.704ರ ಆಸುಪಾಸು, ಹೆಚ್ಚು ಕಲಬೆರಕೆಯಿಲ್ಲದೆ ಬಂದ ಲಾವಾ. ಅದಕ್ಕಿಂತ ಹಳೆಯ ಬುಶೆ ಪದರದಲ್ಲಿ 0.713ಕ್ಕೂ ಮೇಲೆ; ಅದು ಗ್ರಾನೈಟನ್ನು ಚೆನ್ನಾಗಿಯೇ ತಿಂದಿದೆ.

ಈ ಗುರುತು ಹಿಡಿದು ಹೊರಟವರು ಮುಟ್ಟಿದ್ದು ಆಂಧ್ರದ ರಾಜಮಹೇಂದ್ರಿಯನ್ನು. ಗೋದಾವರಿಯ ಎರಡೂ ದಂಡೆಗೆ ಪಂಗಿಡಿ, ಕಾಟೇರುಗಳಲ್ಲಿ ಕರಿಕಲ್ಲಿನ ಖಣಿಗಳಿವೆ. ಸುತ್ತ ನೂರಾರು ಕಿ.ಮೀ. ಇಂಥ ಕಲ್ಲಿಲ್ಲ. ರಾಸಾಯನಿಕ ಜಾತಕ ನೋಡಿದರೆ ಅಂಬೆನಳಿ, ಮಹಾಬಳೇಶ್ವರದ ಕಲ್ಲುಗಳದ್ದೇ. 2008ರಲ್ಲಿ ಸ್ಟೀಫನ್ ಸೆಲ್ಫ್ ಮತ್ತು ಸಂಗಡಿಗರು, ಹಳೆಯ ನದಿ ಕಣಿವೆಗಳನ್ನು ಹಿಡಿದು ಸುಮಾರು 1,000 ಕಿ.ಮೀ. ಹರಿದ ಲಾವಾ ಇದು, ಭೂಮಿಯ ಮೇಲೆ ನಮಗೆ ಗೊತ್ತಿರುವ ಅತಿ ಉದ್ದದ ಹರಿವುಗಳಲ್ಲಿ ಒಂದಿರಬೇಕು ಎಂದು ವಾದಿಸಿದರು. ನಕಾಶೆಯ ಮೇಲೆ ಘಟ್ಟದಿಂದ ರಾಜಮಹೇಂದ್ರಿಗೆ ಒಂದು ಗೆರೆ ಎಳೆದರೆ ಅದು ಅಥಣಿ ಸೀಮೆಗೆ ಬಹಳ ದೂರವಿಲ್ಲ. ಕೃಷ್ಣೆ ಇಂದು ಹಿಡಿದಿರುವುದೂ ಆಗ್ನೇಯ ದಿಕ್ಕನ್ನೇ.

ಇಷ್ಟು ಲಾವಾ ಹುಟ್ಟಿದ್ದು ಹೇಗೆ ಎಂಬಲ್ಲಿ ಜಗಳವಿದೆ. ಹೆಚ್ಚಿನವರ ಮಾತು: ಆಳದಿಂದ ಬಿಸಿ ಮ್ಯಾಂಟಲ್‌ನ ಕಂಬವೊಂದು ಎದ್ದಿತು, ಉತ್ತರಕ್ಕೆ ಸಾಗುತ್ತಿದ್ದ ಭಾರತ ಅದರ ಮೇಲೆ ಹಾದುಹೋಯಿತು, ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್, ಮಾರಿಷಸ್ ಅದರ ಜಾಡು; ಈಗ ಆ ಕಂಬ ರೆಯುನಿಯನ್ ದ್ವೀಪದ ಕೆಳಗಿದ್ದು ಅಲ್ಲಿನ ಪಿಟೋನ್ ದ ಲಾ ಫೂರ್ನೇಸ್ ಪರ್ವತ ಇಂದಿಗೂ ಉಗುಳುತ್ತದೆ. ಮುಂಬೈ ಐಐಟಿಯ ಹೇತು ಶೇಠ್ ಇದನ್ನು ಒಪ್ಪುವುದಿಲ್ಲ. ಸೇಶೆಲ್ಸ್ ತುಂಡು ಭಾರತದಿಂದ ಕಿತ್ತುಹೋಗುವಾಗ ನೆಲ ಎಳೆದು ತೆಳುವಾದದ್ದೇ ಸಾಕಿತ್ತು ಎಂಬುದು ಅವರ ಪಕ್ಷ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಲ್ಲುಗಳನ್ನೂ ಇದೇ ಲೆಕ್ಕಕ್ಕೆ ಸೇರಿಸುವವರಿದ್ದಾರೆ. ಅದು ತಪ್ಪು. ಅವು ಎರಡು ಕೋಟಿ ವರ್ಷ ಹಿರಿಯವು, ಮಡಗಾಸ್ಕರ್ ಬೇರೆಯಾದ ಕಾಲದವು.

ಕಾಲ ನಿಗದಿಗೆ ಬಂದಾಗ ಆ ಬೇಡವಾದ ಕೆಂಪು ಮಣ್ಣೇ ಕೈಹಿಡಿಯಿತು. ಬ್ಲೇರ್ ಶೋನೆ ತಂಡ ಘಟ್ಟದ ಕೆಂಪು ಪಟ್ಟಿಗಳಲ್ಲಿ ಬೂದಿಯ ಜೊತೆ ಬಿದ್ದಿದ್ದ ಜಿರ್ಕಾನ್ ಹರಳು ಹೆಕ್ಕಿ, ಯುರೇನಿಯಂ-ಸೀಸದ ಲೆಕ್ಕದಲ್ಲಿ ವಯಸ್ಸು ಕಟ್ಟಿತು. ಕರ್ಟ್ನಿ ಸ್ಪ್ರೇನ್ ತಂಡ ಲಾವಾವನ್ನೇ ಆರ್ಗಾನಿನಿಂದ ಅಳೆಯಿತು. ಎರಡೂ 2019ರಲ್ಲಿ ಒಂದೇ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಅಚ್ಚಾದವು. ಬಹುಪಾಲು ಲಾವಾ ಹತ್ತು ಲಕ್ಷ ವರ್ಷದೊಳಗೇ ಹರಿದು ಮುಗಿದಿತ್ತು ಎಂಬುದರಲ್ಲಿ ಇಬ್ಬರೂ ಒಂದೇ. ಡೈನೋಸಾರ್‌ಗಳನ್ನು ಕೊಂದ ಉಲ್ಕೆ ಮೆಕ್ಸಿಕೋದಲ್ಲಿ ಬಿದ್ದದ್ದು, ಲಾವಾದ ದೊಡ್ಡ ಉಕ್ಕು, ಎರಡರಲ್ಲಿ ಯಾವುದು ಮೊದಲು ಎಂಬಲ್ಲಿ ಮಾತ್ರ ಒಮ್ಮತವಿಲ್ಲ.

ಲಾವಾದ ದಕ್ಷಿಣದ ಅಂಚು ಅಥಣಿಗೆ ದೂರವಿಲ್ಲ. ಗೋಕಾಕಿನ ಜಲಪಾತ ಧುಮುಕುವುದು ಕರಿಕಲ್ಲಿನಿಂದಲ್ಲ, ಅದಕ್ಕಿಂತ ಬಹಳ ಹಳೆಯ ಕಲಾದಗಿ ಮರಳುಗಲ್ಲಿನಿಂದ. 1876ರಲ್ಲಿ ಅಚ್ಚಾದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್‌ರ ವರದಿ ಈ ಇಡೀ ದಕ್ಷಿಣ ಮರಾಠಾ ಸೀಮೆಯ ನೆಲವನ್ನು ನಡೆದಾಡಿ ಬರೆದದ್ದು. ಗೋಕಾಕ ಸೀಮೆಯ ಮಮದಾಪುರದ ಬಳಿ ಎರಡು ಲಾವಾಗಳ ನಡುವೆ ಸಿಹಿನೀರಿನ ಕೆರೆಯ ಕೆಸರು, ಅದರಲ್ಲಿ ಬಸವನಹುಳುಗಳ ಚಿಪ್ಪು. ಬೆಂಕಿಯ ಬಿಡುವಿನಲ್ಲಿ ಇಲ್ಲಿ ಕೆರೆ ತುಂಬಿ ಜೀವ ಆಡುತ್ತಿತ್ತು. ವಿಜಾಪುರದ ಗೋಲಗುಮ್ಮಟ ಕಟ್ಟಿದ್ದು ಈ ಕರಿಕಲ್ಲಿನಿಂದ. ಗಾರೆಯ ಸುಣ್ಣಕ್ಕೆ ಈ ಸೀಮೆಯವರು ಎರೆಮಣ್ಣಿನ ಸುಣ್ಣದುಂಡೆಗಳನ್ನು ಸುಡುತ್ತಿದ್ದರು.

ಎರೆ ಆ ಕಲ್ಲಿನದೇ ಮಗಳು. ಕಲ್ಲಿನ ಕಬ್ಬಿಣ, ಮೆಗ್ನೀಷಿಯಂ, ಕ್ಯಾಲ್ಸಿಯಂ ಮಾಗಿ ಸ್ಮೆಕ್ಟೈಟ್ ಎಂಬ ಜೇಡಿ ಆಗುತ್ತದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ತೆಲಸಂಗ, ಐಗಳಿಯ ಕಡೆ ಒಣ ಮಡ್ಡಿ, ಅಲ್ಲಿ ದ್ರಾಕ್ಷಿ. ಸತ್ತಿ, ಸಪ್ತಸಾಗರದ ಕಡೆ ಹೊಳೆದಂಡೆಯ ಆಳ ಎರೆ, ಅಲ್ಲಿ ಕಬ್ಬು. ವರ್ಷಕ್ಕೆ 5,000 ಮಿ.ಮೀ. ದಾಟುವ ಮಹಾಬಳೇಶ್ವರದ ಮಳೆ ಈ ಕಲ್ಲಿನ ಮೇಲೆ ಇಂಗುವುದು ಕಡಿಮೆ, ಹರಿದು ಕೃಷ್ಣೆಗೆ ಸೇರುವುದೇ ಹೆಚ್ಚು. 2005ರಲ್ಲಿ, 2019ರಲ್ಲಿ ಹೊಳೆ ದಂಡೆಯ ಊರುಗಳಿಗೆ ನುಗ್ಗಿತು. ನೀರಾವರಿ ಮಿತಿಮೀರಿದ ಕಡೆ ಇನ್ನೊಂದು ಪೀಡೆ, ಸವಳು-ಜವಳು: ಜೇಡಿಯಲ್ಲಿ ನೀರು ಬಸಿಯದೆ ನಿಂತು, ಕಲ್ಲಿನೊಳಗಿನ ಸೋಡಿಯಂ ಉಪ್ಪಾಗಿ ಮೇಲೆ ಬರುತ್ತದೆ. ಉಗಾರ, ಶೇಡಬಾಳದ ಬದಿಯ ಹೊಲಗಳಲ್ಲಿ ಬೆಳ್ಳಗೆ ಕಾಣುವುದು ಅದೇ. ಮದ್ದು ಇದೆ: ನೆಲದಡಿ ತೂತಿನ ಪೈಪು ಹಾಕಿ ನೀರು ಬಸಿಯುವುದು, ಮತ್ತು ಕಬ್ಬಿಗೆ ಬಿಡುವ ನೀರನ್ನು ಕಡಿಮೆ ಮಾಡುವುದು. ಮೊದಲನೆಯದಕ್ಕೆ ದುಡ್ಡು ಬೇಕು, ಎರಡನೆಯದಕ್ಕೆ ಬೇಕಿಲ್ಲ. ಆದರೂ ರೈತರು ಮೊದಲನೆಯದನ್ನೇ ಕೇಳುತ್ತಾರೆ.