ವಳಿವಡೆಗೆ ಬಂದ ಪರದೇಶಿಗಳು

ನಮ್ಮ ಕಡೆ ‘ಪರದೇಶಿ’ ಅಂದ್ರ ಬೈಗುಳ. ಹೆತ್ತವರಿಲ್ಲದ ಕೂಸಿಗೂ ಹಂಗ ಅಂತಾರ, ಹೊರದೇಶದಿಂದ ಬಂದವರಿಗೂ ಹಂಗ ಅಂತಾರ. ಆ ಎರಡೂ ಅರ್ಥಕ್ಕೆ ಹೊಂದುವ ಸುಮಾರು 5,000 ಮಂದಿ ಒಮ್ಮೆ ಕೊಲ್ಲಾಪುರದ ಹತ್ತಿರ ಬಂದು ಐದು ವರ್ಷ ಇದ್ದು ಹೋದರು. ನೀವು ಬಟ್ಟೆ ಕೊಳ್ಳಲು ಗಾಂಧಿನಗರಕ್ಕೆ ಹೋಗ್ತೀರಲ್ಲ, ಆ ಜಾಗದ ಕಥೆ ಇದು.

1939ರಲ್ಲಿ ಹಿಟ್ಲರನೂ ಸ್ಟಾಲಿನನೂ ಪೋಲೆಂಡ್ ದೇಶವನ್ನು ಹಂಚಿಕೊಂಡರು. ಪೂರ್ವಭಾಗದ ಲಕ್ಷಾಂತರ ಜನರನ್ನು 1940-41ರಲ್ಲಿ ಗೂಡ್ಸ್ ಗಾಡಿಗಳಲ್ಲಿ ತುಂಬಿ ಸೈಬೀರಿಯಾ, ಕಜಕಸ್ತಾನಕ್ಕೆ ಅಟ್ಟಿದರು. ಹಸಿವು, ಚಳಿ, ಟೈಫಸ್ ರೋಗದಲ್ಲಿ ಸತ್ತವರು ಸತ್ತರು. ಉಳಿದವರಲ್ಲಿ ಕೆಲವರು ಇರಾನ್ ದಾಟಿ ಭಾರತಕ್ಕೆ ಬಂದರು. 1943ರಲ್ಲಿ ಪಂಚಗಂಗೆಯ ದಂಡೆಯ ವಳಿವಡೆಯಲ್ಲಿ ಅವರಿಗೆ ಸಾಲು ಸಾಲು ಮನೆಗಳಾದವು. ಬಹುತೇಕ ಹೆಂಗಸರು, ಮಕ್ಕಳು, ಮುದುಕರು. ಶಾಲೆ, ದವಾಖಾನೆ, ಚರ್ಚು, ನಾಟಕದ ರಂಗ ಎಲ್ಲಾ ಇತ್ತು. ಪುಕ್ಕಟೆ ದಾನ ಅಂತ ತಿಳೀಬ್ಯಾಡ್ರಿ, ಖರ್ಚಿಗೆ ಲಂಡನ್ನಿನಲ್ಲಿದ್ದ ಅವರ ಸರ್ಕಾರದ ದುಡ್ಡು ಬರುತ್ತಿತ್ತು. ಆದರೆ ನೆಲ ನಮ್ಮದು, ನೀರು ನಮ್ಮದು.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸು ಕಡೆಯ ತೀರ್ಪಿನ ದಿನದ ಮಾತು ಹೇಳುತ್ತಾನೆ. ಗುರುತಿಲ್ಲದ ಪರದೇಶಿಯನ್ನು ಮನೆಗೆ ಕರೆದವರು ತನ್ನನ್ನೇ ಕರೆದ ಹಾಗೆ ಎಂಬುದು ಅದರ ಅರ್ಥ. ವಳಿವಡೆಯಲ್ಲಿ ಅದು ತಿರುವುಮುರುವಾಯಿತು ನೋಡ್ರಿ. ಬಂದವರು ಕ್ರೈಸ್ತರು, ಸುತ್ತಲಿನ ಹಳ್ಳಿಗಳ ಜನ ಬಹುಪಾಲು ಆ ಪುಸ್ತಕ ಓದದವರು.

ಈಗ ನನ್ನನ್ನು ಕೊರೆಯುವ ಮಾತು. ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನಮ್ಮ ಅಜ್ಜಂದಿರು ಏನಾಗಿದ್ದರು? ಶಾಹೂ ಮಹಾರಾಜರು 1919ರಲ್ಲೇ ಬಾವಿ, ಶಾಲೆ, ದವಾಖಾನೆಗಳಲ್ಲಿ ಅಸ್ಪೃಶ್ಯತೆ ನಡೆಯಕೂಡದೆಂದು ಹುಕುಂ ಹೊರಡಿಸಿದ್ದರು. ನೀರಿನ ಹೌದು ಮುಟ್ಟಿದ್ದಕ್ಕೆ ಏಟು ತಿಂದ ಗಂಗಾರಾಮ ಕಾಂಬಳೆಯವರು ಚಹಾದಂಗಡಿ ಹಾಕಿದಾಗ ಗಿರಾಕಿಗಳು ಬರಲಿಲ್ಲ. ಮಹಾರಾಜರೇ ಗಾಡಿ ನಿಲ್ಲಿಸಿ ಅಲ್ಲಿ ಚಹಾ ಕುಡಿದರು. 1920ರ ಮಾರ್ಚ್‌ನಲ್ಲಿ, ಇಚಲಕರಂಜಿಗೆ ಹತ್ತಿರದ ಮಾಣಗಾವ ಪರಿಷತ್ತಿನಲ್ಲಿ, ಬಾಬಾಸಾಹೇಬರೇ ನಿಮ್ಮ ನಾಯಕ ಅಂತ ನಮ್ಮವರ ಮುಂದೆ ಸಾರಿದರು. 1922ರಲ್ಲಿ ಮಹಾರಾಜರು ತೀರಿಕೊಂಡರು. ಹುಕುಂ ಕಾಗದದಲ್ಲಿ ಉಳಿಯಿತು, ಹಳ್ಳಿಯ ಬಾವಿ ಮೊದಲಿನ ಹಾಗೇ ಇತ್ತು. ಸಾವಿರಾರು ಮೈಲಿ ದೂರದಿಂದ ಬಂದವರಿಗೆ ಜಾಗ ಸಿಕ್ಕಿತು, ಊರಿನವರೇ ಆದ ನಾವು ಕೇರಿಯಲ್ಲೇ ಉಳಿದೆವು. ಪೋಲೆಂಡಿನವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಬೆಂದು ಬಂದ ಜೀವಗಳು.

ಚರ್ಚಿನವರೂ ಇದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಅಮೆರಿಕದ ವೈಲ್ಡರ್ ಪಾದ್ರಿಗಳು 1852ರಲ್ಲೇ ಕೊಲ್ಲಾಪುರಕ್ಕೆ ಬಂದರು. ಮಿಷನ್ನಿನಿಂದ ನಮ್ಮವರಿಗೂ ಅಕ್ಷರ ಸಿಕ್ಕಿತು, ಅದು ಸುಳ್ಳಲ್ಲ. ಆದರೂ ದೇಶದಲ್ಲಿ ಎಷ್ಟೋ ಕಡೆ ಪ್ರಾರ್ಥನೆ ಮುಗಿಸಿ ಹೊರಗೆ ಬಂದವರು ಮದುವೆ ಮಾತು ಬಂದಾಗ ಜಾತಿಯನ್ನೇ ಕೇಳುತ್ತಾರೆ.

1948ರ ಹೊತ್ತಿಗೆ ಪೋಲಿಷ್ ಜನ ಬ್ರಿಟನ್, ಆಸ್ಟ್ರೇಲಿಯಾ ಅಂತ ಚದುರಿಹೋದರು. ಅವರು ಬಿಟ್ಟ ಮನೆಗಳಿಗೆ ದೇಶವಿಭಜನೆಯಲ್ಲಿ ಎಲ್ಲ ಕಳೆದುಕೊಂಡ ಸಿಂಧಿಗಳು ಬಂದರು. ಅದೇ ಇವತ್ತಿನ ಗಾಂಧಿನಗರ. ಕೊಲ್ಲಾಪುರದ ಹೆಸರಿನ ಸ್ಮಾರಕ ಪೋಲೆಂಡಿನ ರಾಜಧಾನಿ ವಾರ್ಸಾದಲ್ಲಿದೆ. 2024ರ ಆಗಸ್ಟ್‌ನಲ್ಲಿ ನಮ್ಮ ಪ್ರಧಾನಿ ಅಲ್ಲಿ ಹೂವಿಟ್ಟರು.

ಮೊನ್ನೆ ನಮ್ಮ ಓಣಿಯಲ್ಲೂ ಒಂದು ಮಾತು ಬಂತು. ಮಗ್ಗದ ಕೆಲಸಕ್ಕೆ ಬಂದ ಬಿಹಾರದ ಇಬ್ಬರು ಹುಡುಗರು ಬಾಡಿಗೆಗೆ ಖೋಲಿ ಕೇಳಿದ್ದರು. ‘ಯಾರೋ ಏನೋ, ಯಾಕ ಬೇಕು’ ಅಂದವರಲ್ಲಿ ನಮ್ಮವರೂ ಇದ್ದರು. ಆ ಹುಡುಗರು ಇನ್ನೂ ಕಾರಖಾನೆಯಲ್ಲೇ ಮಲಗುತ್ತಾರೆ.